ತಗಡಿನ ಬಕೆಟ್ಟೂ ಒಂದು ಮೂಗಿನ ಗೆಲುವೂ

ರೇಸ್ ಕ್ಲಬ್ಬಿನ ಮೆಟ್ಟಿಲು ಹತ್ತುವಾಗ ಬಲಗಡೆ ಗೋಡೆಯಲ್ಲಿ ಒಂದು ಫೋಟೋ ತೂಗುಹಾಕಿದ್ದಾರೆ. ಎರಡು ಕುದುರೆ, ಎರಡರ ಮೂಗಿನ ಮುಂದೆ ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೆರೆ. ಗಾಜಿನ ಚೌಕಟ್ಟು, ಅದರ ಕೆಳಗೆ ಹಿತ್ತಾಳೆಯ ಪಟ್ಟಿ, ಪಟ್ಟಿಯಲ್ಲಿ ಮಾಲೀಕರ ಹೆಸರು, ಟ್ರೇನರ್ ಹೆಸರು, ಜಾಕಿಯ ಹೆಸರು. ಊಟಕ್ಕೆ ಹೋಗುವವರು ಅಲ್ಲಿ ಒಂದು ಗಳಿಗೆ ನಿಂತು, "ಅಬ್ಬಾ, ಬರೀ ಒಂದು ಮೂಗಿನಲ್ಲಿ!" ಎಂದು ಬೆರಗಾಗಿ ಮುಂದೆ ಹೋಗುತ್ತಾರಂತೆ. ಆ ಮೂಗನ್ನು ಗೆರೆಯವರೆಗೆ ತಂದವರು ಯಾರು ಎಂದು ಒಬ್ಬರಾದರೂ ಕೇಳಿದ್ದರೆ ನಾನು ಬಾಯಿ ಮುಚ್ಚಿಕೊಂಡು ನನ್ನ ಪಾಡಿಗೆ ಇಸ್ತ್ರಿ ಮಾಡಿಕೊಂಡಿರುತ್ತಿದ್ದೆ. ಯಾರೂ ಕೇಳಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ತಂದವರು ನಮ್ಮನೆಯವರು, ಅಂದರೆ ನನ್ನ ಗಂಡ. ಅವರ ಹೆಸರು ಆ ಪಟ್ಟಿಯಲ್ಲಿಲ್ಲ. ಮೂವತ್ತೊಂದು ವರ್ಷ ಅದೇ ಲಾಯದಲ್ಲಿ ಸೈಸನಾಗಿ ಕುದುರೆ ತೊಳೆದು, ತಿಕ್ಕಿ, ತಿನ್ನಿಸಿ, ನಡೆಸಿದವರು ಈಗ ಆ ಮೆಟ್ಟಿಲಿರಲಿ, ಗೇಟಿನೊಳಗೂ ಕಾಲಿಡುವ ಹಾಗಿಲ್ಲ.

ಅವರಪ್ಪ ಕಲ್ಲಿದ್ದಲಿನ ಕುದುರೆಗಾಡಿ ಹೊಡೆಯುತ್ತಿದ್ದರು. ಲಾರಿಗಳು ಬಂದು ಗಾಡಿ ಮೂಲೆ ಸೇರಿದ ವರ್ಷ, ಹತ್ತೊಂಬತ್ತರ ಹರೆಯದಲ್ಲಿ ಇವರು ಲಾಯದ ಬಾಗಿಲಲ್ಲಿ ಕೆಲಸ ಕೇಳಿಕೊಂಡು ನಿಂತಿದ್ದರಂತೆ. ಒಳಗೊಂದು ಕುದುರೆ ಲಾಳ ಹೊಡೆಯುವವನನ್ನು ಒದ್ದು ಕೆಡವಿತ್ತು. ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಇವರು ಹೋಗಿ ಅದರ ಕಿವಿಯ ಬುಡ ಕೆರೆಯುತ್ತಾ ನಿಂತರಂತೆ, ಅದು ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡಿತಂತೆ. ಅವತ್ತು ಒಂದು ದಿನದ ಮಟ್ಟಿಗೆ ಎಂದು ಇಟ್ಟುಕೊಂಡವರು ಆಮೇಲೆ ಬಿಡಲಿಲ್ಲ, ಇವರೂ ಹೋಗಲಿಲ್ಲ.

ಮಾತು ಕಡಿಮೆ. ಸಿಟ್ಟಂತೂ ಇಲ್ಲವೇ ಇಲ್ಲ, ನಮ್ಮ ಮನೆಗೆ ಬೇಕಾದ ಸಿಟ್ಟನ್ನೆಲ್ಲ ನಾನೊಬ್ಬಳೇ ಹೊತ್ತುಕೊಂಡಿದ್ದೇನೆ. ಮದುವೆಯಾದ ದಿನ ಯಾವುದೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಯಾವ ಕುದುರೆಯ ಯಾವ ಕಾಲಿಗೆ ಯಾವ ವರ್ಷ ಬಾವು ಬಂದಿತ್ತು ಎಂದು ಕೇಳಿ, ನಿದ್ದೆಯಲ್ಲೂ ಹೇಳುತ್ತಾರೆ. ನಮ್ಮದು ಟೈರ್ ಅಂಗಡಿಯ ಹಿಂದಿನ ಒಂದು ಕೋಣೆ, ಒಂದು ಅಡುಗೆಮನೆ. ಅವರು ಬಂದರೆ ಸಾಕು, ಕೋಣೆಯೆಲ್ಲ ಒಣಹುಲ್ಲು ಮತ್ತು ಕುದುರೆ ಕಾಲಿಗೆ ಹಚ್ಚುವ ಎಣ್ಣೆಯ ವಾಸನೆ. ನಾನು ಬಟ್ಟೆ ತೊಳೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಕ್ಲಬ್ಬಿನ ಮೇಜುಬಟ್ಟೆಗಳು ನಮ್ಮಲ್ಲಿಗೇ ಬರುತ್ತವೆ. ಅವರು ಚೆಲ್ಲಿದ ಸಾರಿನ ಕಲೆ ತೆಗೆಯುವ ಕೈ ನನ್ನದೇ ಎಂಬುದು ಆ ದೊಡ್ಡವರಿಗೆ ಗೊತ್ತಿರಲಿಕ್ಕಿಲ್ಲ.

ಸಣ್ಣಿ ಎಂಬ ಹೆಣ್ಣು ಕುದುರೆ ಲಾಯಕ್ಕೆ ಬಂದದ್ದು ಐದು ವರ್ಷದ ಹಿಂದೆ. ರೇಸಿನ ಪತ್ರಿಕೆಯಲ್ಲಿ ಅವಳಿಗೆ ಉದ್ದನೆಯ ಬೇರೆ ಹೆಸರಿದೆ, ಅದು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಒಂದು ವರ್ಷದ ಮರಿ, ಜ್ವರ ಬಂದು ಎಲುಬು ಎಣಿಸುವ ಹಾಗಾಗಿತ್ತು. ಮೂಲೆಗೆ ಮುಖ ಹಾಕಿ ನಿಂತರೆ ಮುಗಿಯಿತು, ಮುಂದೆ ಏನು ಇಟ್ಟರೂ ಮೂಸಿಯೂ ನೋಡುತ್ತಿರಲಿಲ್ಲ. ಟ್ರೇನರ್ ಅವಳ ಮೇಲಿನ ಆಸೆ ಬಿಟ್ಟಿದ್ದರು. ಇವರು ಬಿಡಲಿಲ್ಲ.

ಲಾಯದಲ್ಲಿ ಆಗಲೇ ಎಲ್ಲ ಕಡೆ ಪ್ಲಾಸ್ಟಿಕ್ ಬಕೆಟ್ ಬಂದಿದ್ದವು. ಇವರ ಹತ್ತಿರ ಮಾತ್ರ ಅವರಪ್ಪನ ಗಾಡಿಯ ಕಾಲದ ಒಂದು ತಗಡಿನ ಬಕೆಟ್ ಇತ್ತು, ಹಿಡಿ ಸಡಿಲವಾಗಿ ಅಲ್ಲಾಡಿಸಿದರೆ ಟಣಟಣ ಎನ್ನುವಂಥದ್ದು. ಅದರಲ್ಲಿ ನೆನೆಸಿದ ಓಟ್ಸು ಹಾಕಿ ಒಳಗಿಡದೆ ಬಾಗಿಲ ಹೊರಗೆ ಹಿಡಿದುಕೊಂಡು ಮೂರು ಸಲ ಹಿಡಿ ಅಲ್ಲಾಡಿಸಿ ಕಾಯುತ್ತಿದ್ದರು. ಹಸಿದ ಮರಿ ಎಷ್ಟು ಹೊತ್ತು ಹಟ ಹಿಡಿದೀತು? ಮೂರನೆಯ ದಿನ ತಿರುಗಿತಂತೆ, ಐದನೆಯ ದಿನ ಬಾಗಿಲ ಅಡ್ಡಪಟ್ಟಿಯ ಮೇಲಿಂದ ಕತ್ತು ಚಾಚಿ ಎರಡು ಬಾಯಿ ತಿಂದಿತಂತೆ. ಮಾರನೇ ದಿನದಿಂದ ಇವರು, ಅವಳ ಕತ್ತು ಪೂರ್ತಿ ಚಾಚುವ ತನಕ, ದಿನಕ್ಕೆ ಒಂದು ಬೆರಳಿನಷ್ಟು ಬಕೆಟ್ ಹಿಂದಕ್ಕೆ ಹಿಡಿಯತೊಡಗಿದರು. ಹಾಗೆ ನಾಲ್ಕೂವರೆ ವರ್ಷ, ದಿನಕ್ಕೆರಡು ಸಲ. ಬಕೆಟ್ ಟಣಟಣ ಎಂದರೆ ಸಾಕು, ಸಣ್ಣಿಯ ಕಿವಿ ನೆಟ್ಟಗಾಗಿ ಕತ್ತು ಉದ್ದವಾಗುತ್ತಿತ್ತು.

ಟ್ರೇನರಿಗೆ ಇದು ಹಿಡಿಸುತ್ತಿರಲಿಲ್ಲ. "ಇದೇನು ಸರ್ಕಸ್ಸೇನೋ? ಎಲ್ಲರ ಹಾಗೆ ಒಳಗಿಟ್ಟು ಬಾ," ಎಂದು ಬೈಯುತ್ತಿದ್ದರು. ಇವರು ಹೂಂ ಎಂದು, ಅವರು ಅತ್ತ ಹೋದ ಮೇಲೆ ಮತ್ತೆ ಹೊರಗೇ ಹಿಡಿಯುತ್ತಿದ್ದರು. ಜೊತೆಯವರೆಲ್ಲ 'ಬಕೆಟಣ್ಣ' ಎಂದು ಅಡ್ಡಹೆಸರಿಟ್ಟಿದ್ದರು. ದೊಡ್ಡವರ ಹಿಂದೆ ಬೇರೆ ರೀತಿಯ ಬಕೆಟ್ ಹಿಡಿದು ಮೇಲೆ ಬಂದವರು ಅದೇ ಲಾಯದಲ್ಲಿ ಬೇಕಾದಷ್ಟು ಜನರಿದ್ದರು, ಅವರಿಗೆ ಯಾರೂ ಆ ಹೆಸರಿಡಲಿಲ್ಲ ನೋಡಿ.

ನಾನೂ ರೇಗಿಸುತ್ತಿದ್ದೆ. ಸಂಜೆ ಮನೆಗೆ ಬಂದರೆ ಮೊದಲು ಕೇಳುತ್ತಿದ್ದದ್ದು ಒಂದೇ.

"ಏನ್ರೀ, ನನ್ನ ಸವತಿ ಹೇಗಿದ್ದಾಳೆ?"

"ಇವತ್ತು ಪೂರ್ತಿ ತಿಂದ್ಲು ಕಣೇ," ಎನ್ನುತ್ತಿದ್ದರು. ನಾನು ತಿಂದೆನೋ ಇಲ್ಲವೋ ಎಂದು ಕೇಳಿದವರಲ್ಲ ಮಹಾನುಭಾವರು.

ಹೋದ ವರ್ಷದ ಕೊನೆಯಲ್ಲಿ ಸಣ್ಣಿ ವರ್ಷದ ದೊಡ್ಡ ರೇಸಿಗೆ ಇಳಿದಳು. ಅಂದು ಲಾಯದವರ ಮನೆಮಂದಿಗೂ ಕಟಕಟೆಯ ಪಕ್ಕ ಒಂದಿಷ್ಟು ಜಾಗ ಬಿಟ್ಟಿದ್ದರು, ನಾನೂ ಹೋಗಿದ್ದೆ. ಎಲ್ಲರ ಬಾಯಲ್ಲೂ ಒಂದು ಕಂದು ಬಣ್ಣದ ದೊಡ್ಡ ಗಂಡು ಕುದುರೆಯ ಹೆಸರು. ಅದರ ಪಕ್ಕ ನಮ್ಮ ಸಣ್ಣಿ ನಿಂತರೆ ದೊಡ್ಡಣ್ಣನ ಜೊತೆ ಶಾಲೆಗೆ ಹೊರಟ ತಂಗಿಯ ಹಾಗೆ ಕಾಣುತ್ತಿದ್ದಳು. ಇವರು ಗೆಲುವಿನ ಕಂಬ ದಾಟಿ ಮೂವತ್ತು ಹೆಜ್ಜೆಯಾಚೆ, ಕಟಕಟೆಗೆ ಒರಗಿ ನಿಂತಿದ್ದರು. ಸೈಸರು ನಿಲ್ಲುವ ಜಾಗವೇ ಅದು. ಓಟ ಮುಗಿಸಿ ಬರುವ ಕುದುರೆಯನ್ನು ಹಿಡಿದುಕೊಳ್ಳಬೇಕಲ್ಲ. ಕೈಯಲ್ಲಿ ಅದೇ ಬಕೆಟ್, ಮುಖ ತೊಳೆಯಲಿಕ್ಕೆಂದು ತಳದಲ್ಲಿ ಸ್ವಲ್ಪ ನೀರು.

ಕೊನೆಯ ತಿರುವಿನಲ್ಲಿ ಕಂದು ಕುದುರೆ ಮುಂದೆ, ಸಣ್ಣಿ ಮೂರನೆಯವಳು. ಆಮೇಲೆ ಎರಡನೆಯವಳಾದಳು. ಆಮೇಲೆ ಎರಡೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಬಂದವು. ನನ್ನ ಸುತ್ತ ಜನ ಕಿವಿ ಕಿತ್ತುಹೋಗುವಂತೆ ಕಿರುಚುತ್ತಿದ್ದರು, ನಾನೂ ಕಿರುಚುತ್ತಿದ್ದೆ, ಏನೆಂದು ಕಿರುಚಿದೆನೋ ದೇವರೇ ಬಲ್ಲ. ಆಗ ಇವರ ಕೈ ಅಲ್ಲಾಡಿದ್ದನ್ನು ನೋಡಿದೆ. ಮೂರು ಸಲ. ಮನೆಯಲ್ಲಿ ಕೂತಾಗ ಕಾಲು ಕುಣಿಸುತ್ತಾರಲ್ಲ, ಹಾಗೆ, ಅವರಿಗೇ ಗೊತ್ತಿಲ್ಲದ ಹಾಗೆ.

ಎರಡೂ ಕುದುರೆ ಕಂಬ ದಾಟಿದವು. ಯಾರು ಗೆದ್ದರೆಂದು ಯಾರಿಗೂ ಗೊತ್ತಾಗಲಿಲ್ಲ. ಫೋಟೋ ನೋಡಬೇಕು ಎಂದು ಮೈಕಿನಲ್ಲಿ ಕೂಗಿದರು. ಅಷ್ಟು ಸಾವಿರ ಜನ ಉಸಿರು ಬಿಗಿಹಿಡಿದು ಬೋರ್ಡು ನೋಡುತ್ತಿದ್ದರೆ ಇವರು ಸಣ್ಣಿಯ ಮೂಗಿನ ಹೊಳ್ಳೆ ಒರೆಸುತ್ತಾ ನಿಂತಿದ್ದರು. ಬೋರ್ಡಿನಲ್ಲಿ ಅವಳ ನಂಬರ್ ಬಂತು. ಇವರು ತಲೆಯೆತ್ತಿ ನೋಡಲೂ ಇಲ್ಲ.

ಆ ಫೋಟೋದ ಒಂದು ಪ್ರತಿಯನ್ನು ಕಟಕಟೆಯ ಬಳಿ ಅಂಟಿಸಿದ್ದರು, ನಾನೂ ನುಗ್ಗಿ ನೋಡಿದೆ. ಕಂದು ಕುದುರೆಯ ಕಿವಿ ಹಿಂದಕ್ಕೆ ಮಡಚಿ ತಲೆಗೆ ಅಂಟಿತ್ತು. ಸಣ್ಣಿಯ ಎರಡೂ ಕಿವಿ ಮುಂದಕ್ಕೆ, ನೆಟ್ಟಗೆ. ಕತ್ತು ಬಾಗಿಲ ಅಡ್ಡಪಟ್ಟಿಯ ಮೇಲಿಂದ ಚಾಚಿದ ಹಾಗೆಯೇ ಚಾಚಿತ್ತು. ಗೆಲುವಿನ ಗೆರೆ ಅರ್ಧ ಹೆಜ್ಜೆ ಆಚೆಯಾಗಿದ್ದರೂ, ಈಚೆಯಾಗಿದ್ದರೂ, ಗೆಲುವು ಕಂದು ಕುದುರೆಯದ್ದೇ ಎಂದು ಪಕ್ಕದಲ್ಲಿದ್ದವರು ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಸವತಿ ಎಂದು ಅಂದದ್ದಕ್ಕೆಲ್ಲ ಮನಸ್ಸಿನಲ್ಲೇ ತಪ್ಪು ಒಪ್ಪಿಕೊಂಡೆ.

ಅರ್ಧ ಗಂಟೆ ಕಳೆಯಲಿಲ್ಲ, ತಕರಾರು ಬಂತು. ಸೋತ ಕಡೆಯ ಮಾಲೀಕ ನೋಡಿದ್ದನಂತೆ. ಕಟಕಟೆಯಾಚೆಯಿಂದ ಸೈಸನೊಬ್ಬ ಸದ್ದು ಮಾಡಿ ಕುದುರೆ ಕರೆದ, ಹೊರಗಿನವರು ಓಟದಲ್ಲಿ ಕೈ ಹಾಕುವಂತಿಲ್ಲ, ಗೆಲುವು ರದ್ದು ಮಾಡಿ ಎಂದು ಬರೆದುಕೊಟ್ಟ. ಇದರ ವಿಚಾರಣೆ ಮಾಡುವವರು ಕ್ಲಬ್ಬಿನ ಮೂವರು ದೊಡ್ಡವರು. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರು. ಇವರನ್ನು ಕರೆಸಿದರು. ಮೆಟ್ಟಿಲು ಹತ್ತುವಾಗ ಟ್ರೇನರ್ ಇವರ ತೋಳು ಹಿಡಿದು, "ನೀನು ಏನೂ ಮಾಡಿಲ್ಲ. ಕೈಯಲ್ಲಿ ಬಕೆಟ್ ಇತ್ತು, ಅಷ್ಟೇ. ತಿಳೀತಾ?" ಎಂದು ಹೇಳಿದ್ದರಂತೆ. ಒಳಗೆ ನಡೆದದ್ದನ್ನು ಇವರೇ ಆಮೇಲೆ ನನಗೆ ಹೇಳಿದರು.

"ಬಕೆಟ್ ಅಲ್ಲಾಡಿಸಿದೆಯಾ?" ಎಂದರಂತೆ ಅಧ್ಯಕ್ಷರು.

"ಅಲ್ಲಾಡಿಸಿದೆ ಸಾರ್."

"ಯಾಕೆ?"

"ಅವಳು ಬರ್ತಾ ಇದ್ಲು ಸಾರ್. ಅವಳು ಬರುವಾಗ ನಾನು ಯಾವಾಗ್ಲೂ ಅಲ್ಲಾಡಿಸ್ತೀನಿ."

ಇಷ್ಟೇ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಟ್ರೇನರ್ ಹೇಳಿಕೊಟ್ಟಿದ್ರಲ್ರೀ, ಒಂದು 'ಇಲ್ಲ' ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದೆ. "ಕೇಳಿದ್ರು, ಹೇಳಿದೆ," ಎಂದರು. ಅಷ್ಟು ಹೇಳಿ ಕಾಲು ತೊಳೆಯಲು ಹೋದರು.

ಎರಡು ದಿನಕ್ಕೆ ಆರ್ಡರ್ ಬಂತು, ಒಂದೇ ಹಾಳೆ. ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ನಾನೇ ಓದಿದೆ. ಮೊದಲನೆಯ ಸಾಲು: ಅಷ್ಟು ಜನರ ಗಲಾಟೆಯಲ್ಲಿ ಒಂದು ಬಕೆಟ್ಟಿನ ಸದ್ದು ಓಡುವ ಕುದುರೆಗೆ ಕೇಳಿಸುವುದು ಅಸಾಧ್ಯ, ಆದ್ದರಿಂದ ಫಲಿತಾಂಶ ಬದಲಾಗುವುದಿಲ್ಲ. ಎರಡನೆಯ ಸಾಲು: ಸದರಿ ಸೈಸನು ಸದ್ದು ಮಾಡಿ ಓಟದಲ್ಲಿ ಕೈ ಹಾಕಿದ್ದರಿಂದ ಒಂದು ವರ್ಷ ಅವನು ಕ್ಲಬ್ಬಿನ ಆವರಣದೊಳಗೆ ಬರಕೂಡದು.

ಓದಿ ನನಗೆ ಪಿತ್ತ ನೆತ್ತಿಗೇರಿತು. ಅಲ್ಲ, ನೀವೇ ಹೇಳಿ. ಸದ್ದು ಅವಳಿಗೆ ಕೇಳಿಸಲಿಲ್ಲ ಎಂದರೆ ಇವರು ಮಾಡಿದ ತಪ್ಪೇನು? ಕೇಳಿಸಿತು ಎಂದರೆ ಮಾಲೀಕರ ಹತ್ತಿರವಿರುವ ಗೆಲುವಿನ ಕಪ್ ಅವರದ್ದು ಹೇಗಾಯಿತು? ಕಪ್ ಇಟ್ಟುಕೊಳ್ಳಲಿಕ್ಕೆ ಬಕೆಟ್ ಮೂಕ, ಮನುಷ್ಯನನ್ನು ಹೊರಗೆ ಹಾಕಲಿಕ್ಕೆ ಅದೇ ಬಕೆಟ್ಟಿಗೆ ಬಾಯಿ! ಒಂದೇ ಹಾಳೆಯಲ್ಲಿ, ಒಂದೇ ಸಹಿಯ ಮೇಲೆ, ನಾಚಿಕೆಯಿಲ್ಲದೆ ಎರಡನ್ನೂ ಬರೆದಿದ್ದರು. ಇದು ಯಾವ ಸೀಮೆಯ ನ್ಯಾಯ? ಸೋತವನಿಗೆ ಒಂದು ಸಮಾಧಾನ ಬೇಕಿತ್ತು, ಗೆದ್ದವರಿಗೆ ಕಪ್ ಬೇಕಿತ್ತು, ನಡುವೆ ಇವರು ಸಿಕ್ಕರು. ಮಾಲೀಕರು, ಟ್ರೇನರ್, ಎಲ್ಲರೂ ನೀಟಾಗಿ ಕೈ ತೊಳೆದುಕೊಂಡರು. ಆ ವಾರ ಕ್ಲಬ್ಬಿನಿಂದ ಗೆಲುವಿನ ಔತಣದ ಮೇಜುಬಟ್ಟೆಗಳು ಬಂದವು. ಕಲೆ ತೆಗೆಯದೆ ಹಾಗೇ ಮಡಚಿ ಕಳಿಸಿದೆ. ಅಂಗಡಿಯ ಯಜಮಾನರಿಂದ ಬೈಗುಳ ತಿಂದೆ, ಬೇಸರವಿಲ್ಲ.

ಇವರು ಆರ್ಡರನ್ನು ಒಂದು ಸಲ ಕೇಳಿಸಿಕೊಂಡು, "ಸಣ್ಣಿಗೆ ಯಾರು ಹಾಕ್ತಾರೆ?" ಎಂದರು. ಅಷ್ಟೇ ಅವರ ಚಿಂತೆ. ಮುಂದಿನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಲು ಕೂತರು. ಬಕೆಟ್ ಮನೆಗೆ ಬಂತು. ನಮ್ಮ ಅಡುಗೆಮನೆಯ ನಲ್ಲಿ ಸದಾ ಸೋರುತ್ತದೆ, ಅದನ್ನು ನಲ್ಲಿಯ ಕೆಳಗಿಟ್ಟೆ. ಬೆಳಗ್ಗೆ ಹೊತ್ತು ಮೂಡುವ ಮುಂಚೆ ಎದ್ದು ಇವರು ಸುಮ್ಮನೆ ಅದರ ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದರು.

ಎರಡು ತಿಂಗಳಿಗೆ ಟ್ರೇನರ್ ನಮ್ಮ ಬಾಗಿಲಿಗೆ ಬಂದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಟೈರುಗಳ ನಡುವೆ ಬೂಟಿಗೆ ಮಸಿ ತಗಲದ ಹಾಗೆ ಕಾಲಿಡುತ್ತಾ ಬಂದು ನಿಂತು, "ಕುದುರೆ ತಿಂತಿಲ್ಲ ಕಣಯ್ಯ. ಹೊಸ ಸೈಸನ್ನ ಕಚ್ಚಿಬಿಟ್ಳು. ಆ ಬಕೆಟ್ ಇದ್ರೆ ಸ್ವಲ್ಪ ಕೊಡು," ಎಂದರು.

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಯಾಕೆ ಸಾರ್, ಅದರ ಸದ್ದು ಕುದುರೆಗೆ ಕೇಳಿಸಲ್ವಂತಲ್ಲ? ದೊಡ್ಡವರು ಬರೆದುಕೊಟ್ಟಿದ್ದಾರೆ, ತೋರಿಸ್ಲಾ?"

ಇವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಒಳಗೆ ಹೋಗಿ, ಬಕೆಟ್ಟಿನ ನೀರು ಚೆಲ್ಲಿ, ತೊಳೆದು, ಒರೆಸಿ ತಂದು ಕೊಟ್ಟೇಬಿಟ್ಟರು! ಟ್ರೇನರ್ ಹೋದ ಮೇಲೆ ನಾನು ಕೂಗಾಡಿದೆ. "ಮೈಯಲ್ಲಿ ಉಪ್ಪು ಖಾರ ಏನೂ ಇಲ್ವಾ ನಿಮಗೆ? ಒದ್ದು ಹೊರಗೆ ಹಾಕಿದವರಿಗೆ ತೊಳೆದು ಬೇರೆ ಕೊಡ್ತೀರಲ್ಲ!"

"ಹಸಿದಿರೋದು ಅವರಲ್ಲ ಕಣೇ," ಎಂದರು. "ಅವಳು."

ನನಗೆ ಇನ್ನೂ ಸಿಟ್ಟು ಬಂತು.

ಮೂರು ದಿನಕ್ಕೆ ಟ್ರೇನರ್ ಮತ್ತೆ ಬಂದರು, ಕೈಯಲ್ಲಿ ಬಕೆಟ್. ಸದ್ದು ಕೇಳಿ ಸಣ್ಣಿ ಓಡಿ ಬಾಗಿಲಿಗೆ ಬಂದಳಂತೆ, ಹಿಡಿದವರು ಯಾರೆಂದು ನೋಡಿದಳಂತೆ, ತಿರುಗಿ ಮೂಲೆಗೆ ಮುಖ ಹಾಕಿದಳಂತೆ. ಎಲುಬು ಕಾಣುತ್ತಿವೆ ಎಂದರು. ಇವರ ಮುಖ ಬಿಳಿಚಿಕೊಂಡಿತು.

"ಇವರನ್ನ ಒಳಗೆ ಬಿಡಿಸಿ ಸಾರ್, ಮುಗೀತು," ಎಂದೆ.

"ಅದು ನನ್ನ ಕೈಯಲ್ಲಿಲ್ಲಮ್ಮ. ಅಧ್ಯಕ್ಷರನ್ನ ಕೇಳಿದೆ. ಆರ್ಡರ್ ವಾಪಸ್ ತಗೊಂಡ್ರೆ ಆ ಸೋತ ಕಡೆಯವರು ಮತ್ತೆ ರೇಸಿನ ವಿಷಯ ಕೆದಕ್ತಾರೆ ಅಂದ್ರು."

ಆರ್ಡರನ್ನು ಅಷ್ಟು ಸಲ ಓದಿ ನನಗದು ಬಾಯಿಪಾಠವಾಗಿತ್ತು. ಅದೇ ಆಗ ಕೆಲಸಕ್ಕೆ ಬಂತು. "ಆವರಣದೊಳಗೆ ಬರಕೂಡದು ಅಂತ ತಾನೇ ಇರೋದು? ಇವರು ಬರಲ್ಲ. ರಸ್ತೆ ಮೇಲೆ, ಗೇಟಿನ ಹೊರಗೆ ನಿಂತಿರ್ತಾರೆ. ರಸ್ತೆ ಯಾರಪ್ಪಂದೂ ಅಲ್ಲ. ದಿನಕ್ಕೆರಡು ಸಲ ನೀವೇ ಅವಳನ್ನ ಗೇಟಿನ ತನಕ ಕರ್ಕೊಂಡು ಬನ್ನಿ. ಹಾಜರಿ ಪುಸ್ತಕದಲ್ಲಿ ಇವರ ಹೆಸರು ಮತ್ತೆ ಬರೀರಿ. ಆಗಲ್ಲ ಅಂದ್ರೆ ಬಕೆಟ್ ಇಲ್ಲೇ ಇರಲಿ, ನಮ್ಮ ನಲ್ಲಿ ಸೋರ್ತಿದೆ."

ಟ್ರೇನರ್ ನನ್ನನ್ನು ನೋಡಿದರು, ಇವರನ್ನು ನೋಡಿದರು. ಬೇರೆ ದಾರಿಯಿರಲಿಲ್ಲ, ಒಪ್ಪಿದರು.

ಮಾರನೇ ದಿನ ಹನ್ನೊಂದು ಗಂಟೆಗೆ ನಾನೂ ಅಂಗಡಿಯಿಂದ ಅರ್ಧ ಗಂಟೆ ಬಿಡುವು ಕೇಳಿಕೊಂಡು ಹೋದೆ. ಲಾಯದ ಕಡೆ ಇರುವುದು ಒಂದೇ ಗೇಟು, ಅಡ್ಡಕ್ಕೊಂದು ಉದ್ದನೆಯ ಕಬ್ಬಿಣದ ಪಟ್ಟಿ. ಕ್ಲಬ್ಬಿನ ಕಾರುಗಳೂ ಅದರಲ್ಲೇ ಹೋಗಬೇಕು. ಮುಂದಿನ ರಸ್ತೆಯಲ್ಲಿ ಬಸ್ಸು, ಲಾರಿ, ಗಾಡಿಗಳ ಸಂತೆ. ಇವರು ಓಟ್ಸು ಹಾಕಿದ ಬಕೆಟ್ ಹಿಡಿದು ಗೇಟಿನಿಂದ ಎರಡು ಹೆಜ್ಜೆ ಹಿಂದೆ ನಿಂತರು, ಆವರಣದ ಗೆರೆ ತುಳಿದರೆಂಬ ಮಾತು ಬರಬಾರದಲ್ಲ. ಅಷ್ಟರಲ್ಲಿ ಒಂದು ದೊಡ್ಡ ಕಾರು ಬಂದು ನಮ್ಮ ಬೆನ್ನಿಗೇ ನಿಂತು ಹಾರ್ನ್ ಹೊಡೆಯತೊಡಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಾವಲಿನವನು ಗೇಟು ತೆಗೆಯಲಿಲ್ಲ, ಕುದುರೆ ಬರುತ್ತಿದೆ ಎಂದು ಕೈ ತೋರಿಸಿದ. ಮೊದಲ ಕಾರಿನಿಂದ ಇಳಿದವರು ಅಧ್ಯಕ್ಷರು.

"ಏನಿದು? ದಾರಿ ಬಿಡಿ," ಎಂದರು.

ದೂರದಲ್ಲಿ, ಇನ್ನೂರು ಹೆಜ್ಜೆಯಾಚೆ ಲಾಯದ ಸಾಲಿನಿಂದ ಟ್ರೇನರ್ ಸಣ್ಣಿಯನ್ನು ಹೊರಗೆ ತರುತ್ತಿದ್ದರು. ತಲೆ ಜೋತುಬಿದ್ದಿತ್ತು, ಹೆಜ್ಜೆ ಎಳೆಯುತ್ತಿದ್ದಳು. ಅವಳೇ ಎಂದು ಗುರುತು ಹಿಡಿಯಲು ನನಗೆ ಹೊತ್ತು ಬೇಕಾಯಿತು.

"ಒಂದು ನಿಮಿಷ ಸಾರ್," ಎಂದೆ. "ಗಲಾಟೆಯಲ್ಲಿ ಬಕೆಟ್ ಸದ್ದು ಕುದುರೆಗೆ ಕೇಳಿಸೋದು ಅಸಾಧ್ಯ ಅಂತ ಬರೆದಿದ್ರಲ್ಲ. ಗಲಾಟೆ ನಿಮ್ಮ ಕಾರಿನವರೇ ಮಾಡ್ತಿದ್ದಾರೆ. ನಿಂತು ನೋಡಿ."

ಹಾರ್ನುಗಳ ನಡುವೆ ಇವರು ಹಿಡಿ ಅಲ್ಲಾಡಿಸಿದರು. ಮೂರೇ ಸಲ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಸಣ್ಣಿಯ ತಲೆ ಮೇಲೆ ಬಂತು. ಕಿವಿ ಎರಡೂ ಮುಂದಕ್ಕೆ ನೆಟ್ಟಗಾದವು, ಫೋಟೋದಲ್ಲಿ ಇದ್ದ ಹಾಗೆಯೇ. ಟ್ರೇನರ್ ಕೈಯಿಂದ ಹಗ್ಗ ಜಾರಿತು. ಅವಳು ಗೇಟಿಗೆ ಓಡಿ ಬಂದು, ಪಟ್ಟಿಯ ಮೇಲಿಂದ ಕತ್ತು ಚಾಚಿ, ಇನ್ನೂ ಚಾಚಿ, ಆವರಣದ ಹೊರಗೆ ಬಕೆಟ್ಟಿನೊಳಗೆ ಮೂಗು ಹಾಕಿದಳು. ಇವರು ಅವಳ ಕಿವಿಯ ಬುಡ ಕೆರೆದರು. ನಾನು ಅಧ್ಯಕ್ಷರ ಮುಖ ನೋಡುತ್ತಿದ್ದೆ, ಅಂಥ ಸಮಯ ಮತ್ತೆ ಸಿಕ್ಕೀತೇ? ಅವರು ಆ ಕಿವಿಗಳನ್ನೇ ನೋಡುತ್ತಿದ್ದರು. ಕೊನೆಗೆ ಕೇಳಿದ್ದೇನು ಗೊತ್ತೇ?

"ಗೇಟು ಯಾವಾಗ ತೆಗೀತಾರೆ?"

ಒಂದು 'ತಪ್ಪಾಯಿತು' ಇಲ್ಲ, 'ಒಳಗೆ ಬಾ' ಇಲ್ಲ. ನಾನು ಬಾಯಿ ಬಿಡಬೇಕು ಎನ್ನುವಷ್ಟರಲ್ಲಿ ಹಿಂದಿನ ಕಾರಿನವನು ಮತ್ತೆ ಹಾರ್ನ್ ಒತ್ತಿದ. ಸಣ್ಣಿ ಬೆಚ್ಚಿ ತಲೆ ಎತ್ತಿದಳು. ಆಗ ಇವರು ತಿರುಗಿದರು. ದೊಡ್ಡವರ ಮುಂದೆ ತಗ್ಗಿಸಿದ ತಲೆಯನ್ನು ಮೂವತ್ತೊಂದು ವರ್ಷದಲ್ಲಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

"ಹಾರ್ನ್ ನಿಲ್ಲಿಸೋಕೆ ಹೇಳಿ ಸಾರ್," ಎಂದರು. "ಅವಳಿಗೆ ಎಲ್ಲಾ ಕೇಳಿಸತ್ತೆ."

ಅಧ್ಯಕ್ಷರು ಹಿಂದಿನ ಕಾರಿಗೆ ಹೋಗಿ ಡ್ರೈವರಿಗೆ ಹೇಳಿದರು. ಹಾರ್ನು ನಿಂತಿತು. ಆರ್ಡರ್ ಇನ್ನೂ ಹಾಗೇ ಇದೆ, ಇನ್ನೂ ಏಳು ತಿಂಗಳು ಬಾಕಿ, ಫೋಟೋದ ಕೆಳಗಿನ ಪಟ್ಟಿಯಲ್ಲೂ ಇವರ ಹೆಸರು ಸೇರಿಲ್ಲ. ಆದರೆ ದಿನಕ್ಕೆರಡು ಸಲ ಸಣ್ಣಿ ಬಕೆಟ್ಟಿನ ತಳ ನೆಕ್ಕಿ ತಲೆ ಎತ್ತುವ ತನಕ ಆ ಗೇಟು ತೆರೆಯುವುದಿಲ್ಲ. ಕಾರಿನವರು ಕಾಯುತ್ತಾರೆ.